ಎವಾಸಿಯೊನ ಹಲ್ಲು

ಹೆಣದ ಕಾರು ಮೊದಲ ತಿರುವಿನಲ್ಲೇ ಕೆಸರಿಗೆ ಕೂತುಬಿಟ್ಟಿತು. ಬಿಳಿ ಕೈಗವಸಿನ ಡ್ರೈವರ್ ಹಿಂದಕ್ಕೂ ಮುಂದಕ್ಕೂ ಎಳೆದಾಡಿದ. ಚಕ್ರ ಗಿರ್ರನೆ ತಿರುಗಿ, ಹಿಂದಿನಿಂದ ತಳ್ಳುತ್ತಿದ್ದ ಓರೆಸ್ತೆಯ ಹೊಸ ಕರಿ ಸೂಟಿನ ಮೇಲೆ ಮಾನ್‌ಫೆರಾತೊ ಗುಡ್ಡದ ಅರ್ಧ ಮಣ್ಣನ್ನು ಎರಚಿತು.

"ಅಕ್ಕಾ, ಅಪ್ಪಂಗೆ ಹೋಗೋಕೆ ಇಷ್ಟ ಇಲ್ಲ ಕಣೇ," ಎಂದ ಅವನು, ಬಾಯಿಗೆ ಬಿದ್ದದ್ದನ್ನು ಉಗಿಯುತ್ತ.

"ಅಪ್ಪ ಯಾವತ್ತು ಒಂದೇ ಮಾತಿಗೆ ಹೊರಟಿದ್ರು? ಹೋಗು, ಟ್ರ್ಯಾಕ್ಟರ್ ತಗೊಂಡ್ ಬಾ," ಎಂದಳು ಡೆಲ್ಫಿನಾ.

ಹೀಗೆ ಎವಾಸಿಯೊ, ಜೀವಮಾನವೆಲ್ಲ ತನ್ನ ದ್ರಾಕ್ಷಿ ಹೊತ್ತ ಟ್ರೇಲರನ್ನು ತಾನೂ ಏರಿದ. ಕೊಯ್ಲಿಗೆಂದು ಅದರಲ್ಲಿ ಜೋಡಿಸಿಟ್ಟಿದ್ದ ಖಾಲಿ ಬುಟ್ಟಿಗಳನ್ನು ಒಂದು ಬದಿಗೆ ಸರಿಸಿ ಶವಪೆಟ್ಟಿಗೆಗೆ ಜಾಗ ಮಾಡಿದರು. ಪಕ್ಕದಲ್ಲಿ ಒಂದು ಬುಟ್ಟಿ ಬೋರಲು ಹಾಕಿಕೊಂಡು ಅವನ ತಂಗಿ ಪಾಲ್ಮಿರಾ ಕೂತಳು. ಅವಳ ಮಂಡಿಗೆ ಗುಡ್ಡ ಹತ್ತುವುದು ಆಗುತ್ತಿರಲಿಲ್ಲ.

ಡೆಲ್ಫಿನಾ ಅಳಬೇಕೆಂದುಕೊಂಡಾಗಲೆಲ್ಲ ಕಣ್ಣು ಪಡುವಣಕ್ಕೆ ಹೋಗುತ್ತಿತ್ತು. ಆಕಾಶ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಸಂಜೆಯೊಳಗೆ ಆಲಿಕಲ್ಲು ಬೀಳುವ ಲಕ್ಷಣ. ಬಾರ್ಬೆರಾ ದ್ರಾಕ್ಷಿ ಇನ್ನೂ ಬಳ್ಳಿಯಲ್ಲೇ ಇತ್ತು. ಹಣ್ಣಾಗದೆ ಕೊಯ್ದರೆ ವರ್ಷದ ವೈನ್ ಹುಳಿ. ಕೊಯ್ಯದೆ ಬಿಟ್ಟರೆ ವೈನೇ ಇಲ್ಲ. ಯಾವತ್ತು ಕೊಯ್ಯಬೇಕೆಂದು ಆ ಮನೆಯಲ್ಲಿ ಹೇಳುತ್ತಿದ್ದವನು ಒಬ್ಬನೇ. ಎವಾಸಿಯೊ ಬೆಳಿಗ್ಗೆ ಹೋಗಿ ಒಂದು ಹಣ್ಣು ಬಾಯಿಗೆ ಹಾಕಿಕೊಂಡು, ಬೀಜ ಕಡಿದು, "ಇವತ್ತಲ್ಲ" ಎನ್ನುತ್ತಿದ್ದ. ಹಾಗನ್ನುತ್ತ ಅನ್ನುತ್ತ ಒಂದು ದಿನ "ಇವತ್ತು" ಎನ್ನುತ್ತಿದ್ದ. ಮೊನ್ನೆಯೂ "ಇವತ್ತಲ್ಲ" ಎಂದು ಬಂದು ಊಟಕ್ಕೆ ಕೂತವನು ಮತ್ತೆ ಏಳಲಿಲ್ಲ.

* * *

ಓರೆಸ್ತೆಯ ಮದುವೆಯ ದಿನ ಇಡೀ ದಿಬ್ಬಣ ಚರ್ಚಿಗೆ ಹೊರಟಿತ್ತು. ದಾರಿಯಲ್ಲಿ ಎವಾಸಿಯೊ ಸುಮ್ಮನಿರಲಾರದೆ ಒಂದು ಬೀಜ ಕಡಿದ. "ಇವತ್ತು!" ಎಂದ.

"ಇವತ್ತೇ ಅಲ್ವಾ ಮದುವೆ," ಎಂದ ಓರೆಸ್ತೆ, ಮುಗ್ಧನಂತೆ.

"ಮದುವೆ ಮುಂದಿನ ಭಾನುವಾರವೂ ಆಗತ್ತೆ. ದ್ರಾಕ್ಷಿ ಕಾಯಲ್ಲ."

ಚರ್ಚಿನಲ್ಲಿ ಕಾದು ಕಾದು ಸಿಟ್ಟಿಗೆದ್ದ ಮದುಮಗಳು ಲಿದಿಯಾ ಬಿಳಿ ಉಡುಪಿನಲ್ಲೇ ಗುಡ್ಡ ಹತ್ತಿ ಬಂದಳು. ಮಾವ ಅವಳ ಕೈಗೆ ಕತ್ತರಿ ಕೊಟ್ಟ. "ನಾನು ಈ ಮನೆಗೆ ಸೊಸೆಯಾಗಿ ಬಂದ್ನೋ ಆಳಾಗಿ ಬಂದ್ನೋ?" ಎಂದು ಅವಳು ಇವತ್ತಿಗೂ ಕೇಳುತ್ತಾಳೆ. ಮದುವೆಯ ಫೋಟೋದಲ್ಲಿ ಉಡುಪಿನ ಅಂಚು ನೇರಳೆ. ನೆಂಟರೆಲ್ಲ ಕೈ ಹಿಂದೆ ಕಟ್ಟಿ ನಿಂತಿದ್ದಾರೆ.

ಆಮೇಲಾಮೇಲೆ ಎವಾಸಿಯೊ ಡೆಲ್ಫಿನಾಳನ್ನೂ ಜೊತೆಗೆ ಕರೆದೊಯ್ಯತೊಡಗಿದ. "ನೀನೂ ಒಂದು ತಿನ್ನು," ಎಂದು ಅವಳ ಪಕ್ಕಕ್ಕೆ ಬಂದು, ಕಿವಿ ಅವಳ ಕಡೆ, ಕಣ್ಣು ಮೋಡದ ಕಡೆ ಮಾಡಿ ನಿಲ್ಲುತ್ತಿದ್ದ. ಅಪ್ಪ ದೇವರನ್ನು ನೆನೆಯುತ್ತಿದ್ದಾರೆ ಎಂದುಕೊಂಡು ಅವಳು ಮಾತಾಡದೆ ಅಗಿಯುತ್ತಿದ್ದಳು.

* * *

ತೋಟದ ತಲೆಗೆ, ಗುಲಾಬಿ ಗಿಡದ ಹತ್ತಿರ ಟ್ರೇಲರ್ ನಿಂತಿತು. ಆ ಮನೆಯಲ್ಲಿ ಯಾರು ಸತ್ತರೂ ಅಲ್ಲೊಂದು ಗಳಿಗೆ ನಿಲ್ಲಿಸುವುದು ವಾಡಿಕೆ. ಗಂಡಸರು ಟೋಪಿ ತೆಗೆದರು. ಒಂದು ಕೈಯಲ್ಲಿ ಟೋಪಿ ಹಿಡಿದ ಮೇಲೆ ಇನ್ನೊಂದು ಕೈ ಸುಮ್ಮನಿರಬೇಕಲ್ಲ? ಅದು ತಾನಾಗಿ ಬಳ್ಳಿಗೆ ಹೋಯಿತು. ಮೌನಪ್ರಾರ್ಥನೆಯ ನಡುವೆ ತುಪ್ ತುಪ್ ಎಂದು ಬೀಜ ಉಗಿಯುವ ಸದ್ದು ಕೇಳತೊಡಗಿತು.

"ಗುರುವಾರ," ಎಂದ ನೆರೆಯ ಜಾಚಿಂತೊ, ಮೆಲ್ಲಗೆ.

"ಗುರುವಾರವಂತೆ! ಶನಿವಾರದ ತನಕ ಮುಟ್ಟಬಾರ್ದು," ಎಂದರು ಹಿಂದಿನಿಂದ ಯಾರೋ.

"ಶನಿವಾರ ಆಲಿಕಲ್ಲು ಕೊಯ್ತೀರಾ?" ಎಂದಳು ಲಿದಿಯಾ.

ಜಾಚಿಂತೊ ಮೂಗು ಹಿಂಡಿಕೊಂಡು, ಹೊಟ್ಟೆ ಮುಂದೆ ಮಾಡಿ, ಥೇಟ್ ಎವಾಸಿಯೊನ ದನಿಯಲ್ಲಿ, "ಇವತ್ತಲ್ಲಾ..." ಎಂದ. ಪೆಟ್ಟಿಗೆಯೊಳಗಿಂದಲೇ ಬಂದಂತಾಗಿ ಡ್ರೈವರ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ.

"ನಗಾಡ್ಬೇಡಿ ಜಾಚಿಂತೊ ಮಾವ. ಮದ್ದು ಹೊಡೀದೆ, ಸಾಲಿನ ಮಧ್ಯೆ ಹುಲ್ಲು ಬಿಟ್ಟು ಬೆಳೆಸಿದ ತೋಟ ಇದು," ಎಂದ ಓರೆಸ್ತೆ.

"ಅದೇ ಹೇಳ್ತಿದ್ದೆ ನಾನು, ನಿಮ್ಮಪ್ಪ ಬೆಳೆದದ್ದು ಹುಲ್ಲು, ದ್ರಾಕ್ಷಿ ಅದರ ಜೊತೆಗೆ ಬಂದದ್ದು ಅಂತ," ಎಂದ ಜಾಚಿಂತೊ. ಅವನ ಕಣ್ಣು ಒದ್ದೆಯಾಗಿತ್ತು.

ಕೆಳಗೆ ಚರ್ಚಿನ ಗಂಟೆ ಹೊಡೆಯತೊಡಗಿತು. ದೂರದಲ್ಲಿ ಗುಡುಗಿತು.

"ಅಕ್ಕಾ, ಏನಾದ್ರೂ ಹೇಳೇ!"

"ನಾನೇನು ಹೇಳ್ಲಿ? ಯಾವತ್ತಾದ್ರೂ ಹೇಳಿದ್ದೀನಾ? ಅದೆಲ್ಲ ಅಪ್ಪಂಗೆ ಗೊತ್ತಿತ್ತು."

"ಅಪ್ಪಂಗೆ ಗೊತ್ತಿತ್ತು, ಮಣ್ಣು!" ಎಂದು ಟ್ರೇಲರಿನ ಮೇಲಿಂದ ಪಾಲ್ಮಿರಾ ಗುಡುಗಿದಳು. ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದಳು. ಒಳಗೆ ಎರಡು ಸಾಲು ಕಟ್ಟುಹಲ್ಲು. "ಬಟ್ಟೆ ತೊಡಿಸೋವಾಗ ತೆಗ್ದಿಟ್ಟೆ. ಎಷ್ಟೋ ವರ್ಷದಿಂದ ನಿಮ್ಮಪ್ಪನ ಬಾಯಲ್ಲಿ ಸ್ವಂತದ್ದು ಅಂತ ಇದ್ದದ್ದು ನಾಲಗೆ ಒಂದೇ. ಪೀಪಾಯಿ ನೋಡ್ಕೊಂಡು ಬರ್ತೀನಿ ಅಂತ ಪೇಟೆಗೆ ಹೋಗಿ ಇದನ್ನ ಕಟ್ಟಿಸ್ಕೊಂಡು ಬಂದ. ಇದ್ರಲ್ಲಿ ಬೇಯಿಸಿದ ಆಲೂಗಡ್ಡೆ ಕಡಿಯೋದೇ ಕಷ್ಟ, ಬೀಜ ಕಡೀತಾನಾ?"

"ಮತ್ತೆ ಹೇಗೆ ಹೇಳ್ತಿದ್ರು ಅತ್ತೆ?" ಎಂದಳು ಡೆಲ್ಫಿನಾ.

"ನಿನ್ನ ಬಾಯಿ ಕೇಳಿ! ನೀನು ಕಡಿದಾಗ ಮೆತ್ತಗೆ ಸದ್ದಾದ್ರೆ ಇವತ್ತಲ್ಲ. ಹುರಿದ ಬೀಜದ ಹಾಗೆ ಕಟ್ ಅಂದ್ರೆ ಇವತ್ತು. 'ಹುಡುಗಿ ಹಲ್ಲು ನಂಗಿಂತ ಚೆನ್ನಾಗಿದೆ, ಅವಳ ಮುಂದೆ ಹೇಳ್ಬೇಡ, ಕೊಬ್ತಾಳೆ' ಅಂದಿದ್ದ. ಈಗ ಕೊಬ್ಬು, ಪರವಾಗಿಲ್ಲ."

ಎಲ್ಲರೂ ಡೆಲ್ಫಿನಾಳನ್ನು ನೋಡಿದರು. ಅವಳು ಪೆಟ್ಟಿಗೆಯನ್ನು ನೋಡಿದಳು. ಮೊದಲ ಸಾಲಿನಿಂದ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡು, ಪೆಟ್ಟಿಗೆಯ ತಲೆಯ ಬದಿಗೆ ಹೋಗಿ ಬಗ್ಗಿ ಕಡಿದಳು.

ಕಟ್.

ಡ್ರೈವರಿಗೂ ಕೇಳಿಸಿತು.

"ಇವತ್ತು," ಎಂದಳು. ಮತ್ತೊಮ್ಮೆ ಗಟ್ಟಿಯಾಗಿ, "ಇವತ್ತು! ಮೊದಲು ಅಪ್ಪ, ಆಮೇಲೆ ದ್ರಾಕ್ಷಿ. ನಡೀರಿ, ಬೇಗ!"

ಆ ಊರಿನಲ್ಲಿ ಅಷ್ಟು ಚುರುಕಾದ ಶವಯಾತ್ರೆಯನ್ನು ಯಾರೂ ಕಂಡಿರಲಿಲ್ಲ. ಪ್ರಸಾದಕ್ಕೆ ಚಾಚಿದ ನಾಲಗೆಗಳೆಲ್ಲ ನೇರಳೆಯಾಗಿದ್ದುದನ್ನು ಕಂಡ ಮುದಿ ಪಾದ್ರಿ ಕಿಟಕಿಯಾಚೆಯ ಆಕಾಶವನ್ನೊಮ್ಮೆ ನೋಡಿ, ಎವಾಸಿಯೊನ ಸದ್ಗುಣಗಳಲ್ಲಿ ಮುಕ್ಕಾಲು ಪಾಲನ್ನು ಕೈಬಿಟ್ಟರು.

ಮಧ್ಯಾಹ್ನವಿಡೀ ತೋಟದ ಕಂಬಗಳಿಗೆ ಕರಿ ಕೋಟುಗಳು ನೇತಾಡಿದವು. ಬಿಳಿ ಕೈಗವಸಿನ ಡ್ರೈವರ್ ಮೊದಲು ಕೈಗವಸು ಕಳಚಿದ, ಆಮೇಲೆ ನಾಚಿಕೆ ಕಳಚಿದ. ಹೂವಿನ ಹಾರ ಇನ್ನೂ ಕಟ್ಟಿಕೊಂಡಿದ್ದ ಟ್ರೇಲರ್ ಕೊನೆಯ ಬುಟ್ಟಿಗಳೊಂದಿಗೆ ಒಳಗೆ ಬರುವುದಕ್ಕೂ ಹೆಂಚಿನ ಮೇಲೆ ಆಲಿಕಲ್ಲು ಬಡಿಯುವುದಕ್ಕೂ ಸರಿಹೋಯಿತು.

ಆಗ ಪಾಲ್ಮಿರಾ ಜೇಬು ಮುಟ್ಟಿಕೊಂಡು ಚೀರಿದಳು. "ಅಯ್ಯೋ, ಅವನ ಹಲ್ಲು ನನ್ನ ಹತ್ರಾನೇ ಉಳೀತಲ್ಲೇ!"

ಡೆಲ್ಫಿನಾ ತೊಟ್ಟಿಯಿಂದ ಒಂದು ಲೋಟ ಹೊಸ ರಸ ಬಗ್ಗಿಸಿ, ಹಲ್ಲುಗಳನ್ನು ಅದರೊಳಗೆ ಬಿಟ್ಟು ಕಿಟಕಿಯ ಕಟ್ಟೆಯ ಮೇಲಿಟ್ಟಳು. ಹೊರಗೆ ಖಾಲಿ ಬಳ್ಳಿಗಳ ಮೇಲೆ ಆಲಿಕಲ್ಲು ಸುರಿಯುತ್ತಿತ್ತು. ಲೋಟದ ತಳದಲ್ಲಿ ಎವಾಸಿಯೊನ ಎರಡೂ ಸಾಲು ಹಲ್ಲು, ಮೆಲ್ಲಮೆಲ್ಲನೆ ನೇರಳೆಯಾಗುತ್ತ, ಕಿಸಿದುಕೊಂಡು ಕೂತಿದ್ದವು.