ಧರ್ಮಪ್ಪನ ಟವೆಲ್ಲು

ಪರದೇಶದ ಹೆಸರಿಟ್ಟುಕೊಂಡ ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾಗಬೇಕಾದರೆ ಹನ್ನೆರಡು ಸಾವಿರ ರೂಪಾಯಿ. ವೀರೇಂದ್ರ ಅವರು ಅಂಥವು ಒಂಬತ್ತು ಅಚ್ಚು ಹಾಕಿಸಿದ್ದರು. ಕಾಲೇಜಿನ ತಪಾಸಣೆಗೆ ಬರುವ ಸಮಿತಿಯವರಿಗೆ ಹೊದಿಸಲು ಮೂರು ಶಾಲು, ಮೂರು ಏಲಕ್ಕಿ ಹಾರ, ಹೋಳಿಗೆ ಊಟ, ಎಲ್ಲ ಸೇರಿ ಎಂಟು ಸಾವಿರದ ನಾನೂರು. ಅವರ ಹೆಂಡತಿ ಇದನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ, "ಹೊಳಲೂರಿನ ಹತ್ರ ಒಂದು ಸೈಟಿಗೆ ಅಡ್ವಾನ್ಸ್ ಆಗಿರೋದು. ನಿಮಗೆ ಕೊನೆಗೆ ಸಿಗೋದು ಬಾಗಿಲ ಮೇಲೊಂದು ಬೋರ್ಡು," ಎಂದಿದ್ದರು.

ಆ ಬೋರ್ಡೇ ವೀರೇಂದ್ರರಿಗೆ ಬೇಕಾಗಿದ್ದುದು. ಭದ್ರಾವತಿಯ ಒಂದು ಖಾಸಗಿ ಕಾಲೇಜಿನಲ್ಲಿ ಅವರು ಸಾವಯವ ರಸಾಯನಶಾಸ್ತ್ರದ ಪ್ರಾಧ್ಯಾಪಕರು, ವಿಭಾಗದ ಮುಖ್ಯಸ್ಥರು. ಮೂವತ್ತೊಂದು ವರ್ಷದಿಂದ ಶಿವಮೊಗ್ಗದ ಮನೆಯಿಂದ ಓಡಾಡಿ ಪಾಠ ಮಾಡಿದವರು. ಅವರ ವಿಭಾಗಕ್ಕೆ ಸಂಶೋಧನಾ ಕೇಂದ್ರದ ಮಾನ್ಯತೆ ಸಿಕ್ಕರೆ ಪಿಎಚ್.ಡಿ. ಮಾರ್ಗದರ್ಶಕ ಎಂದು ಹೆಸರಿನ ಕೆಳಗೆ ಬರೆಸಿಕೊಳ್ಳಬಹುದು. ನಿವೃತ್ತಿಗೆ ಉಳಿದಿರುವುದು ಮೂರೇ ವರ್ಷ. ಈ ಸಲದ ತಪಾಸಣಾ ಸಮಿತಿ ಬೇಡವೆಂದರೆ ಇನ್ನೊಂದು ಬರುವಷ್ಟರಲ್ಲಿ ಅವರು ಮನೆಯಲ್ಲಿ ಪೇಪರು ಓದುತ್ತಿರುತ್ತಾರೆ.

ತರಗತಿಯಲ್ಲಿ ಅವರು ಸಿಂಹವೇ. ಕರಿಹಲಗೆಯ ಕಡೆ ನೋಡದೆ ಒಂದೇ ಎಳೆತಕ್ಕೆ ಬೆಂಜೀನಿನ ಆರು ಮೂಲೆ ಬರೆಯುತ್ತಿದ್ದರು. ಆದರೆ ತ್ಯಾವರೆಕೊಪ್ಪದ ಸಫಾರಿಯ ಸಿಂಹದ ಹಾಗೆ, ಬೇಲಿಯ ಒಳಗೆ. ಊಟ ಹೊರಗಿನಿಂದ ಬರಬೇಕು. ತಮ್ಮ ಎಂ.ಎಸ್ಸಿ. ಪರೀಕ್ಷೆ ಮುಗಿದ ಮೇಲೆ ಅವರು ಟೆಸ್ಟ್ ಟ್ಯೂಬ್ ಹಿಡಿದದ್ದು ಗ್ರೂಪ್ ಫೋಟೋಗೆ ಮಾತ್ರ.

ಪ್ರಯೋಗಾಲಯ ನಡೆಸುತ್ತಿದ್ದವನು ಅಟೆಂಡರ್ ಧರ್ಮಪ್ಪ. ಕಾಗದನಗರದ ಪೇಪರ್ ಮಿಲ್ ಕ್ವಾರ್ಟರ್ಸಿನಲ್ಲಿ ಬೆಳೆದವನು, ಪಿಯುಸಿಗೆ ಓದು ನಿಲ್ಲಿಸಿದವನು. ಸೇರಿ ಇಪ್ಪತ್ತಾರು ವರ್ಷವಾದರೂ ಇನ್ನೂ ಗುತ್ತಿಗೆ ನೌಕರ, ವರ್ಷವರ್ಷವೂ ಆಡಳಿತ ಮಂಡಳಿ ಸಹಿ ಹಾಕಿದರೆ ಕೆಲಸ ಉಂಟು. ಪ್ರಾಯೋಗಿಕ ಪರೀಕ್ಷೆಯಲ್ಲಿ ಮಕ್ಕಳಿಗೆ ಒಂದೊಂದು ಹೆಸರಿಲ್ಲದ ಪುಡಿ ಕೊಟ್ಟು ಇದೇನೆಂದು ಕಂಡುಹಿಡಿಯಿರಿ ಎನ್ನುತ್ತಾರಲ್ಲ, ಆಗ ಧರ್ಮಪ್ಪನ ಸನ್ನೆ ಕೆಲಸ ಮಾಡುತ್ತಿತ್ತು. ಟವೆಲ್ಲಿನಿಂದ ಕತ್ತು ಒರೆಸಿದರೆ ಆಮ್ಲ. ಕಿವಿ ಕೆರೆದರೆ ಫೀನಾಲು. ಬೆಲ್ಟು ಸರಿಮಾಡಿಕೊಂಡರೆ ಅಮೈಡು. ಮಕ್ಕಳು ಉತ್ತರವನ್ನು ಮೊದಲು ಬರೆದು ಪ್ರಯೋಗವನ್ನು ಆಮೇಲೆ ಬರೆಯುತ್ತಿದ್ದರು. ಪರೀಕ್ಷಕರಾದ ವೀರೇಂದ್ರರು ಆ ಹೊತ್ತಿನಲ್ಲಿ ಕಿಟಕಿಯಾಚೆ ನೋಡುತ್ತಿದ್ದರು. ಆದರೂ ಓರೆಗಣ್ಣಿನಲ್ಲಿ ನೋಡಿ ನೋಡಿ ಸನ್ನೆಗಳೆಲ್ಲ ಅವರಿಗೂ ಬಾಯಿಪಾಠವಾಗಿದ್ದವು.

ಸಮಿತಿಯ ಅಧ್ಯಕ್ಷೆ ಉಮಾಮಹೇಶ್ವರಿ ಬಂದವರೇ ಶಾಲು ಬೇಡವೆಂದರು. ಹೋಳಿಗೆಯೂ ಬೇಡ, ಡಬ್ಬಿ ತಂದಿದ್ದೇನೆ ಎಂದರು. ಒಂಬತ್ತು ಪ್ರಬಂಧಗಳ ಕಟ್ಟನ್ನು ಬಿಚ್ಚಲೇ ಇಲ್ಲ. ಸೀದಾ ಪ್ರಯೋಗಾಲಯಕ್ಕೆ ಹೋಗಿ, ಕಪಾಟಿನಿಂದ ಲೇಬಲ್ಲನ್ನು ಹುಳು ತಿಂದಿದ್ದ ಒಂದು ಬಾಟಲಿ ತೆಗೆದರು. ಒಳಗೆ ಬಿಳೀ ಹರಳು.

"ವೀರೇಂದ್ರ ಅವ್ರೆ, ಇದೇನು ಅಂತ ಕಂಡುಹಿಡೀರಿ ನೋಡೋಣ. ಸಂಶೋಧನೆ ಮಾಡಿಸೋರು ನೀವು."

ಸುತ್ತ ಹನ್ನೆರಡು ವಿದ್ಯಾರ್ಥಿಗಳು. ಕರೆಂಟು ಹೋಗಿ ಫ್ಯಾನು ನಿಂತಿತ್ತು. ವೀರೇಂದ್ರರು ಅಭ್ಯಾಸಬಲದಿಂದ ಧರ್ಮಪ್ಪನ ಕಡೆ ನೋಡಿದರು. ಧರ್ಮಪ್ಪ ಟವೆಲ್ ತೆಗೆದು ಕತ್ತು ಒರೆಸಿಕೊಂಡ.

"ಬೆಂಜೋಯಿಕ್ ಆಮ್ಲ," ಎಂದರು ವೀರೇಂದ್ರ, ತರಗತಿಯ ದನಿಯಲ್ಲೇ.

"ಆಯ್ತು. ಮಾಡಿ ತೋರ್ಸಿ."

ಮಾಡಲು ಏನಿದೆ? ಆಮ್ಲವಾದರೆ ಸೋಡಾ ಬೈಕಾರ್ಬನೇಟ್ ದ್ರಾವಣಕ್ಕೆ ಹಾಕಿದೊಡನೆ ನೊರೆ ಏಳಬೇಕು. ವೀರೇಂದ್ರರು ಚಿಟಿಕೆ ಪುಡಿ ಹಾಕಿದರು. ನೊರೆ ಬರಲಿಲ್ಲ. ಇನ್ನೊಂದು ಚಿಟಿಕೆ ಹಾಕಿದರು. ಪುಡಿ ತಣ್ಣಗೆ ತಳದಲ್ಲಿ ಕೂತಿತು.

"ದ್ರಾವಣ ಹಳೇದಾಗಿರ್ಬೇಕು ಮೇಡಂ," ಎಂದರು.

ಉಮಾಮಹೇಶ್ವರಿ ಪೆನ್ನಿನ ಮುಚ್ಚಳ ತೆಗೆದರು. "ಯಾರು ತಯಾರು ಮಾಡಿದ್ದು ಇದನ್ನ?"

"ನಾನೇ ಮೇಡಂ," ಎಂದ ಧರ್ಮಪ್ಪ. "ಇವತ್ತು ಬೆಳಗ್ಗೆ ಮಾಡಿದ್ದು."

"ನಿಮ್ಮ ಹೆಸರು?"

ಧರ್ಮಪ್ಪ ಹೆಸರು ಹೇಳಿದ. ಪೆನ್ನು ಕಾಗದದ ಮೇಲೆ ಇಳಿಯಿತು. ಸಮಿತಿಯ ವರದಿಯಲ್ಲಿ ಅಟೆಂಡರ್‌ನ ಹೆಸರು ಕೆಟ್ಟದಾಗಿ ಬಂದರೆ ಆಡಳಿತ ಮಂಡಳಿ ಈ ವರ್ಷ ಸಹಿ ಹಾಕುವುದಿಲ್ಲ. ಇದು ಧರ್ಮಪ್ಪನಿಗೆ ಗೊತ್ತಿತ್ತು, ವೀರೇಂದ್ರರಿಗೂ ಗೊತ್ತಿತ್ತು. ವೀರೇಂದ್ರರು ಸುಮ್ಮನಿದ್ದರೆ ಸಾಕಿತ್ತು. ತಪ್ಪು ದ್ರಾವಣದ್ದಾಗುತ್ತಿತ್ತು, ಬೋರ್ಡು ಬಾಗಿಲಿಗೆ ಬರುತ್ತಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಎಷ್ಟೋ ಕಡೆ ಸುಮ್ಮನಿದ್ದು ಮೇಲೆ ಬಂದಿದ್ದರು. ಈಗಲೂ ಕಿಟಕಿಯ ಕಡೆ ನೋಡಿದರು. ಆದರೆ ಕಿಟಕಿಯ ಪಕ್ಕದಲ್ಲೇ ಧರ್ಮಪ್ಪ ನಿಂತಿದ್ದ.

"ಬರೀಬೇಡಿ ಮೇಡಂ," ಎಂದರು. "ದ್ರಾವಣ ಸರಿಯಾಗೇ ಇದೆ. ನಾನ್ ಹೇಳಿದ್ದೇ ತಪ್ಪು. ಇದೇನು ಅಂತ ನಂಗೊತ್ತಿಲ್ಲ."

"ಮತ್ತೆ ಆಮ್ಲ ಅಂದ್ರಿ?"

"ಧರ್ಮಪ್ಪ ಕತ್ತು ಒರೆಸ್ಕೊಂಡ, ಅದಕ್ಕೆ ಅಂದೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಧರ್ಮಪ್ಪ ತಲೆ ತಗ್ಗಿಸಿ, "ಸಾರ್, ನಾನು ಸನ್ನೆ ಮಾಡ್ಲಿಲ್ಲ. ಸೆಕೆ ಸಾರ್. ಬೆವರು ಒರೆಸ್ಕೊಂಡೆ ಅಷ್ಟೆ," ಎಂದ.

ಉಮಾಮಹೇಶ್ವರಿ ಇಬ್ಬರನ್ನೂ ನೋಡಿದರು. "ಸರಿ ಮಾರಾಯ, ನೀನೇ ಮಾಡು."

ಧರ್ಮಪ್ಪ ಚಿಟಿಕೆ ಪುಡಿಗೆ ಕಾಸ್ಟಿಕ್ ಸೋಡಾ ಹಾಕಿ ಕುದಿಸಿದ. ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಹಬೆಗೆ ಹಿಡಿದ. ಕಾಗದ ನೀಲಿಯಾಯಿತು. ಮೂತ್ರಾಲಯದ ಕಡೆಯಿಂದ ಗಾಳಿ ಬೀಸಿದಂಥ ವಾಸನೆ ಬಂತು.

"ಅಮೋನಿಯ ಬಂತು. ಆಮ್ಲ ಅಲ್ಲ, ಅಮೈಡು. ಬೆಂಜಮೈಡು ಮೇಡಂ," ಎಂದ. ಆಮೇಲೆ ವೀರೇಂದ್ರರ ಕಡೆ ತಿರುಗಿ ಮೆಲ್ಲಗೆ, "ಮೊದ್ಲು ಕುದಿಸ್ಬೇಕಿತ್ತು ಸಾರ್," ಎಂದ.

ಮೂರು ವಾರಕ್ಕೆ ವರದಿ ಬಂತು. ಪ್ರಯೋಗಾಲಯ ಚೊಕ್ಕಟವಾಗಿದೆ, ದ್ರಾವಣಗಳು ಸರಿಯಾಗಿವೆ, ಅಟೆಂಡರ್ ನುರಿತವನು, ಮುಖ್ಯಸ್ಥರಿಗೆ ಪ್ರಾಯೋಗಿಕ ಅನುಭವ ಸಾಲದು ಎಂದು ಅದರಲ್ಲಿತ್ತು. ಆಡಳಿತ ಮಂಡಳಿ ಧರ್ಮಪ್ಪನಿಗೆ ಫ್ರೇಮು ಹಾಕಿಸಿದ ಪ್ರಶಂಸಾಪತ್ರ ಕೊಟ್ಟಿತು, ಸಂಬಳ ಏರಿಸಲಿಲ್ಲ. ಹೋಳಿಗೆಯನ್ನು ತಪಾಸಣೆಯ ದಿನವೇ ಆಫೀಸಿನವರು ತಿಂದು ಮುಗಿಸಿದ್ದರು.

ಈಗ ಕಾಲೇಜು ಬಿಟ್ಟ ಮೇಲೆ ವೀರೇಂದ್ರರು ಒಂದು ಗಂಟೆ ಪ್ರಯೋಗಾಲಯದಲ್ಲಿರುತ್ತಾರೆ. ಧರ್ಮಪ್ಪ ಹೆಸರಿಲ್ಲದ ಪುಡಿ ಇಟ್ಟು ಕೈಕಟ್ಟಿ ನಿಲ್ಲುತ್ತಾನೆ. "ನನ್ನ ಮುಖ ನೋಡ್ಬೇಡಿ ಸಾರ್, ಟ್ಯೂಬ್ ನೋಡಿ," ಎನ್ನುತ್ತಾನೆ.

ಸಂಶೋಧನಾ ಕೇಂದ್ರ ಬರಲಿಲ್ಲ, ಮಾರ್ಗದರ್ಶಕ ಎಂಬ ಹೆಸರೂ ಬರಲಿಲ್ಲ. ಧರ್ಮಪ್ಪನ ಕೆಲಸ ಉಳಿಯಿತು. ವೀರೇಂದ್ರರಿಗೆ ಇದುವರೆಗೆ ಹದಿನಾಲ್ಕು ಪುಡಿಗಳ ಗುರುತು ಹತ್ತಿದೆ.