ಬಾಗೆಮರದ ಗಿಲಕಿ

ಗಾಳಿ ಎದ್ದರೆ ಬದುವಿನ ಮೇಲಿನ ಬಾಗೆಮರ ಗಿಲಿಗಿಲಿ ಎನ್ನುತ್ತಿತ್ತು. ಒಣಗಿದ ಕಾಯಿಯೊಳಗೆ ಬೀಜ ಆಡುವ ಸದ್ದು ಅದೆಂದು ಬೈರಕೂರಿನಲ್ಲಿ ಎಲ್ಲರಿಗೂ ಗೊತ್ತು. ಮುನಿಯಲ್ಲಮ್ಮನಿಗೆ ಮಾತ್ರ ಅದು ಕೂಸು ಆಡಿಸುವ ಗಿಲಕಿ. ಒಂಬತ್ತು ವರ್ಷದ ಹಿಂದೆ, ಇನ್ನೂ ಹಲ್ಲು ಬಾರದ ಮಗಳನ್ನು ಅಲ್ಲಿ ಮಣ್ಣು ಮಾಡಿ, ಗುರುತಿಗೆಂದು ಗಂಡ ಗಂಗುಲಪ್ಪ ನೆಟ್ಟ ಮರ. ಅಂದಿನಿಂದ ಅದರ ಒಂದು ಕಡ್ಡಿಯನ್ನೂ ಅವಳು ಯಾರಿಗೂ ಮುರಿಯಗೊಡಲಿಲ್ಲ. ಬೆರಣಿ ತಟ್ಟುವಾಗ ಸದ್ದು ಕೇಳಿದರೆ "ಬಂದೆ ಕಣೇ" ಎಂದುಬಿಡುತ್ತಿದ್ದಳು.

ಹೊಲ ಸೋತಿತ್ತು. ಸೌದೆಯಿಲ್ಲದೆ ಸೆಗಣಿಯೆಲ್ಲ ಬೆರಣಿಯಾಗಿ ಒಲೆಗೇ ಹೋಗುತ್ತಿತ್ತು; ಮಣ್ಣು ಬೂದಿಯಂತೆ ಬೆರಳ ಸಂದಿಯಿಂದ ಜಾರುತ್ತಿತ್ತು. ಮಹಾಯುದ್ಧ ಶುರುವಾದ ಮೂರನೆಯ ಬೇಸಿಗೆಯಲ್ಲಿ ರಾಗಿ ತುಂಬುವ ಮಣ್ಣಿನ ವಾಡೆಯ ತಳ ಕಂಡಿತು. ಗಂಗುಲಪ್ಪ ಕುರಿಗಾಹಿ ಕದಿರಪ್ಪನನ್ನು ಕರೆತಂದು ಗೊಬ್ಬರಕ್ಕೆಂದು ಹೊಲದಲ್ಲಿ ಮಂದೆ ನಿಲ್ಲಿಸಿದ.

"ನಿಮ್ಮ ಹೊಲದಾಗೆ ನನ್ ಕುರಿ ತಿನ್ನೋಕೆ ಏನೈತಕ್ಕಾ, ಕಲ್ಲಾ?" ಎಂದ ಕದಿರಪ್ಪ. "ಬಾಗೆಕಾಯಿ ಅಂದ್ರೆ ಜೀವ ಬಿಡ್ತವೆ. ಉದುರಿಸಿಕೊಡಿ, ಇನ್ನೂ ನಾಕು ದಿನ ಇರ್ತೀವಿ. ಗೊಬ್ಬರ ನಿಮ್ದೇ."

"ಅದು ನನ್ನ ಮಗೀನ ಮರ ಕಣಪ್ಪ."

"ಇರೋ ಎರಡು ಮಕ್ಳ ಹೊಟ್ಟೇನೂ ನೋಡೇ ಮುನಿಯಲ್ಲೀ," ಎಂದ ಗಂಗುಲಪ್ಪ, ಅವಳ ಮುಖ ನೋಡದೆ.

ಅವಳು ಕಾಯಿ ಉದುರಿಸುವ ದೋಟಿಯನ್ನು ಗಂಡನ ಕೈಯಿಂದ ತಾನೇ ಇಸಿದುಕೊಂಡಳು. ಬೇರೆಯವರು ಬಡಿದರೆ ಕೂಸು ಬೆಚ್ಚೀತು. ಉದುರಿದ ಕಾಯನ್ನೆಲ್ಲ ಕುರಿಗಳು ಪಟಪಟನೆ ಅಗಿದವು. ಸಂಜೆಗೆ ಮರ ಮೂಗಾಗಿತ್ತು.

ಆಮೇಲೆ ಗಾಳಿ ಬೀಸಿದಾಗಲೆಲ್ಲ ಅವಳ ಕೈ ಸೆಗಣಿಯಲ್ಲೇ ನಿಲ್ಲುತ್ತಿತ್ತು. ಏನೂ ಕೇಳುತ್ತಿರಲಿಲ್ಲ. ಮಗಳು ಎರಡನೇ ಸಲ ಹೋದಳು ಎಂದುಕೊಂಡಳು.

ಮಳೆ ಬಂತು. ರಾಗಿ ಕಪ್ಪಗೆ, ಕೊಬ್ಬಿ ಎದ್ದಿತು. ಕಳೆ ಕೀಳಲು ಕೂತವಳು ಹಾಗೇ ಉಳಿದಳು. ಕುರಿ ಹಿಕ್ಕೆಯಲ್ಲಿ ಬಂದ ಬೀಜ ಮೊಳೆತು, ಸಾಲುಸಾಲಿಗೂ ಗೇಣುದ್ದದ ಬಾಗೆ ಸಸಿ.

"ಕಿತ್ತಾಕು. ರಾಗೀನ ಬೆಳೆಯಾಕೆ ಬಿಡಲ್ಲ ಅವು," ಎಂದ ಗಂಗುಲಪ್ಪ.

"ಕೂತಲ್ಲೇ ಕೂತಿದ್ದ ಮಗು. ಈಗ ನೋಡಿ, ಹೊಲ ತುಂಬಾ ಓಡಾಡ್ತಾವ್ಳೆ."

ಗಂಗುಲಪ್ಪ ಹಾರೆ ತಂದು ಬದುವಿನುದ್ದಕ್ಕೂ ಗುಂಡಿ ತೋಡತೊಡಗಿದ. ಅವಳು ಒಂದೊಂದೇ ಸಸಿಯನ್ನು ಮಣ್ಣಿನ ಸಮೇತ ಎತ್ತಿ, ಮಡಿಲಲ್ಲಿಟ್ಟು ತಂದು ನೆಟ್ಟಳು. ಮಣ್ಣು ಈಗ ಬೆರಳಿಗೆ ಅಂಟುತ್ತಿತ್ತು, ಬಿಡಿಸಿದರೂ ಬಿಡದೆ.

ಕೊನೆಯ ಸಸಿಗೆ ಮಣ್ಣು ಒತ್ತುವಾಗ ಗಾಳಿ ಎದ್ದಿತು. ಒಂದು ಕಾಯೂ ಇಲ್ಲದ ಮರದ ಕಡೆಯಿಂದ, ಗಿಲಿಗಿಲಿ.

ಈ ಸಲ ಹಾರೆ ಹಿಡಿದ ಗಂಗುಲಪ್ಪನ ಕೈಯೂ ನಿಂತಿತು.