ಸಿದ್ದಬಸಪ್ಪನ ಹೊಸ ಕಂಟ್ರೋಲರು

ಸಿದ್ದಬಸಪ್ಪನ ನಡಿಗೆ ಎಷ್ಟು ನಿಧಾನವೆಂದರೆ, ಅವನ ನೆರಳೇ ಬೇಸತ್ತು ಮುಂದಿನ ಕಟ್ಟೆಗೆ ಹೋಗಿ ಕುಳಿತು ಬೀಡಿ ಹಚ್ಚುತ್ತದೆ. ಹೊಳಗುಂದದ ಸುತ್ತಲಿನ ಊರುಗಳಿಗೆ ಅವನು ಅಂಚೆ ಹಂಚುತ್ತಿದ್ದ ಕಾಲದಲ್ಲಿ ಲಗ್ನಪತ್ರಿಕೆಗಳು ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ ಸರಿಯಾಗಿ ತಲುಪುತ್ತಿದ್ದವು. ಬೇಸಿಗೆಯ ಉರಿಯಲ್ಲೂ ಕಳಚದ ಖಾಕಿ ಕೋಟು, ಅದರ ಜೇಬುಗಳಲ್ಲಿ ಟೆಸ್ಟರು, ಟೇಪು, ವಿಭೂತಿ ಗಟ್ಟಿ. ಯಾರು ಏನು ಕೇಳಿದರೂ ‘ತಡಿಪಾ, ನೋಡೋಣು’ ಎಂಬ ಒಂದೇ ಉತ್ತರ. ಇಂಥ ಮಂದಗತಿಯ ಜೀವಿಯ ಎಲೆಕ್ಟ್ರಿಕ್ ಗಾಡಿ ನನ್ನ ಗಾಡಿಯನ್ನು ಹಿಂದೆ ಹಾಕಿದ್ದನ್ನು ನನ್ನ ಜಠರ ಇಂದಿಗೂ ಅರಗಿಸಿಕೊಂಡಿಲ್ಲ.

ಎರಡನ್ನೂ ಆದೋನಿಯ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡಿದ್ದೆವು. ಊರಾಚೆಯ ಏರು ಬಂತೆಂದರೆ ಎರಡೂ ಒಂದೇ ಶ್ರುತಿಯಲ್ಲಿ ನರಳುತ್ತಿದ್ದವು. ‘ಇಳೀಲೇನ್ರಿ?’ ಎಂದು ನನ್ನ ಹೆಂಡತಿ ಬಸವಕ್ಕ ಇಳಿಯುವಳು, ಅವನ ಹೆಂಡತಿ ಕೊಂಡಮ್ಮನೂ ಇಳಿಯುವಳು. ಇಬ್ಬರೂ ಹರಟುತ್ತ ನಮಗಿಂತ ಮೊದಲೇ ಮೇಲೆ ಮುಟ್ಟುವರು. ಆ ಸಮಾನ ದೌರ್ಬಲ್ಯದ ನೆರಳಲ್ಲಿ ನಮ್ಮ ಸ್ನೇಹ ಪರಮ ಸುಖವಾಗಿತ್ತು.

ಅಷ್ಟರಲ್ಲಿ ಈ ಮಹಾಶಯ ದೊಡ್ಡದೊಂದು ಕಂಟ್ರೋಲರು ತರಿಸಿದ. ಬ್ಯಾಟರಿಯಿಂದ ಮೋಟಾರಿಗೆ ಎಷ್ಟು ಕರೆಂಟು ಹೋಗಬೇಕೆಂದು ಅಪ್ಪಣೆ ಕೊಡುವ ಡಬ್ಬಿ ಅದು. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ತಂತಿಗಳನ್ನು ಒಂದೊಂದು ಕ್ರಮದಲ್ಲಿ ಜೋಡಿಸಿ ನೋಡಿ, ಗೋಡೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದುಕೊಳ್ಳುತ್ತ ಮೂರು ದಿನ ಕುಳಿತ. ನಾಲ್ಕನೆಯ ದಿನ ಕೊಂಡಮ್ಮನನ್ನೂ ಒಂದು ಚೀಲ ಶೇಂಗಾವನ್ನೂ ಹೇರಿಕೊಂಡು ಏರು ಹತ್ತಿದ ರಭಸಕ್ಕೆ ಆಕೆಯ ಸೆರಗು ಹಾರಿ ಬಳ್ಳಾರಿ ಜಿಲ್ಲೆಯನ್ನು ಮುಟ್ಟಿ ಬಂತು.

‘ಕೊಂಡಮ್ಮ ಕುಂತೇ ಹೋದಳು ನೋಡ್ರಿ’ ಎಂದಳು ಬಸವಕ್ಕ, ನಡೆಯುತ್ತ. ಅಷ್ಟೇ ಮಾತು. ಆ ರಾತ್ರಿ ನನ್ನ ಹೊಟ್ಟೆಕಿಚ್ಚಿನ ಮೇಲೆ ಹತ್ತು ರೊಟ್ಟಿ ಸುಡಬಹುದಿತ್ತು.

ಮೂವತ್ತು ವರ್ಷ ಪಂಪ್‌ಸೆಟ್ ಬಿಚ್ಚಿ ಕಟ್ಟಿದ ಕೈ ನನ್ನದು, ಅಂಚೆಯವನನ್ನು ಕೇಳುವುದುಂಟೇ? ಗುಟ್ಟಾಗಿ ಅಂಥದೇ ಡಬ್ಬಿ ತಂದೆ. ಹಸಿರು ತಂತಿಗೆ ಹಸಿರು, ಹಳದಿಗೆ ಹಳದಿ, ನೀಲಿಗೆ ನೀಲಿ: ಅರ್ಧ ಗಂಟೆಯ ಕೆಲಸ. ಮೋಟಾರಿನವನ ಹಸಿರೂ ಡಬ್ಬಿಯವನ ಹಸಿರೂ ಬೇರೆ ಬೇರೆ ಮಾತು ಆಡುತ್ತವೆಂದು ನನಗೇನು ಗೊತ್ತು! ಬಸವಕ್ಕನನ್ನು ಕೂರಿಸಿಕೊಂಡು, ಚಹಾದಂಗಡಿಯ ಮುಂದೆ, ಎಲ್ಲರಿಗೂ ಕಾಣುವಂತೆ ಹಿಡಿಕೆ ತಿರುವಿದೆ. ಗಾಡಿ ಹಿಮ್ಮುಖವಾಗಿ ಹಾರಿ ಮೇವಿನ ಬಣವೆಯೊಳಗೆ ನಮ್ಮಿಬ್ಬರನ್ನೂ ಪ್ರತಿಷ್ಠಾಪಿಸಿತು.

‘ಏಮಿ ಮಾವಾ, ಆದೋನಿಗೆ ಬೆನ್ನು ಮಾಡಿ ಹೊಂಟೀಯೇನು?’ ಅಂಗಡಿಯ ಬಾಲರಾಜ್ ಕೂಗಿದ. ನಗು ಉರುಕುಂದದವರೆಗೆ ಕೇಳಿಸಿತು.

ಸಿದ್ದಬಸಪ್ಪ ಬಂದ, ಅವನ ಲೆಕ್ಕದಲ್ಲಿ ಓಡೋಡಿ. ‘ತಡಿಪಾ, ನೋಡೋಣು.’ ಚಕ್ರ ಎತ್ತಿ, ದಪ್ಪ ತಂತಿಗಳನ್ನು ತಮ್ಮತಮ್ಮಲ್ಲೇ, ಸಣ್ಣ ತಂತಿಗಳನ್ನು ತಮ್ಮತಮ್ಮಲ್ಲೇ ಅದಲುಬದಲು ಮಾಡಿ ಸರಿಪಡಿಸಿದ. ಅವನು ಒಮ್ಮೆ ನಕ್ಕಿದ್ದರೆ ನಾನು ಗೆಲ್ಲುತ್ತಿದ್ದೆ, ಆಮರಣ ದ್ವೇಷಿಸಲು ಒಂದು ಕಾರಣವಾದರೂ ಸಿಗುತ್ತಿತ್ತು. ಅವನೋ ಬಾಲರಾಜನ ಕಡೆ ತಿರುಗಿ, ‘ನಗಬ್ಯಾಡ್ರಪಾ, ನಂದೂ ಮೊದಲು ಹಿಂದಕ್ಕs ಹೋಗಿತ್ತು’ ಎಂದ. ಶುದ್ಧ ಸುಳ್ಳು. ಆ ಮೂರು ದಿನ ಅವನ ಚಕ್ರ ನೆಲವನ್ನೇ ಮುಟ್ಟಿರಲಿಲ್ಲ.

ಸಂಜೆ ಬಸವಕ್ಕ ಏರಿನಲ್ಲಿ ಇಳಿಯಲಿಲ್ಲ. ಮೇಲೆ ಮುಟ್ಟಿದ ಮೇಲೆ, ‘ಸಿದ್ದಬಸಪ್ಪಣ್ಣ ಎಂಥಾ ಮನಿಷ್ಯಾ ಅದಾನ ನೋಡ್ರಿ!’ ಎಂದಳು, ನನ್ನ ಬೆನ್ನಿಗೆ.

ಶ್ರೇಷ್ಠತೆಯನ್ನು ಮೆರೆಸುವವರ ಮೇಲೆ ಮತ್ಸರ ಪಡುವುದು ಬಲು ಸುಲಭ, ಆರೋಗ್ಯಕ್ಕೂ ಒಳ್ಳೆಯದು. ನಮ್ಮ ಮಾನ ಉಳಿಸಲು ತಮ್ಮ ಜಾಣತನವನ್ನೇ ಅಲ್ಲಗಳೆಯುವ ಈ ಜಾತಿಯವರಿದ್ದಾರಲ್ಲ, ಇವರು ಮನುಷ್ಯನಿಗೆ ನೆಮ್ಮದಿಯಾಗಿ ಹೊಟ್ಟೆಕಿಚ್ಚು ಪಡಲಿಕ್ಕೂ ಬಿಡುವುದಿಲ್ಲ.